ಕ್ಲಿಪ್ ಮಡ್‌ಗಾರ್ಡ್

ರೋಡ್ ಸೈಕಲ್ಲಿನ ಮುಂದಿನ ಫೋರ್ಕಿಗೆ ಅಥವಾ ಹಿಂದಿನ ಸೀಟ್‌ಸ್ಟೇಗಳಿಗೆ ರಬ್ಬರ್ ಪಟ್ಟಿಯಿಂದ ಬಿಗಿದು ಕೂರಿಸುವ, ಮಳೆಗಾಲ ಮುಗಿದ ಮೇಲೆ ಕಳಚಿಡಬಹುದಾದ ಹಗುರ ಕೆಸರುತಡೆಗೆ ಕ್ಲಿಪ್ ಮಡ್‌ಗಾರ್ಡ್ ಎಂದು ಹೆಸರು. ಟೈರಿಗೂ ಬ್ರೇಕಿಗೂ ನಡುವೆ ಕೆಲವೇ ಮಿಲಿಮೀಟರ್ ಸಂದಿರುವ, ಮಡ್‌ಗಾರ್ಡಿನ ತಿರುಪು ಕೂರಲು ತೂತುಗಳೂ ಇಲ್ಲದ ಸೈಕಲ್ಲುಗಳಿಗಾಗಿ ಇದು ರೂಪುಗೊಂಡಿತು. ಮಾಮೂಲಿ, ಅಂದರೆ ಪೂರ್ಣ ಮಡ್‌ಗಾರ್ಡ್ ಬ್ರೇಕಿನ ಅಡಿಯಿಂದ ನುಸುಳಿ ಚಕ್ರವನ್ನು ಒಂದೇ ಕಮಾನಾಗಿ ಸುತ್ತುತ್ತದೆ. ಕ್ಲಿಪ್ ಮಡ್‌ಗಾರ್ಡ್ ಸಾಮಾನ್ಯವಾಗಿ ಆ ಇಕ್ಕಟ್ಟನ್ನು ಹಾಗೆಯೇ ಬಿಟ್ಟು ಅದರ ಒಂದು ಬದಿಗೋ ಎರಡೂ ಬದಿಗೋ ನಿಲ್ಲುತ್ತದೆ. ಅದು ಬಹುತೇಕ ಎಲ್ಲ ಸೈಕಲ್ಲಿಗೂ ಕೂರುವುದು ಈ ಬಿಟ್ಟ ಜಾಗದಿಂದ. ಅದರ ಸವಾರ ಪೂರ್ತಿ ಒಣಗಿರದೆ ಇರುವುದೂ ಇದೇ ಜಾಗದಿಂದ.

ಪಶ್ಚಿಮ ಘಟ್ಟದ ಕುದುರೆಮುಖ, ಕಳಸ, ಮೂಡಿಗೆರೆ ಭಾಗಗಳಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗದ ಸೀಮೆಯಲ್ಲಿ ಈ ಸಾಧನದ ಸಾಮರ್ಥ್ಯವೂ ಮಿತಿಯೂ ಒಟ್ಟಿಗೆ ತಿಳಿದುಬರುತ್ತವೆ. ಉದಾಹರಣೆಗಳನ್ನು ಇಲ್ಲಿ ಆ ಪ್ರದೇಶದಿಂದ ತೆಗೆದುಕೊಳ್ಳಲಾಗಿದೆ.

ಪದಬಳಕೆ

ಕನ್ನಡದ ಆಡುಮಾತಿನಲ್ಲಿ ‘ಬೈಕ್’ ಎಂದರೆ ಮೋಟಾರ್ ಸೈಕಲ್. ಗೊಂದಲ ಬೇಡವೆಂದು ಈ ಲೇಖನದಲ್ಲಿ ‘ರೋಡ್ ಸೈಕಲ್’ ಎಂಬ ಮಾತನ್ನೇ ಬಳಸಿದೆ. ಬಾಗಿದ ಹ್ಯಾಂಡಲ್, ಕಿರಿದಾದ ಟೈರು, ಗೇರುಗಳಿರುವ ಈ ಸೈಕಲ್ಲನ್ನು ಊರುಗಳಲ್ಲಿ ‘ರೇಸ್ ಸೈಕಲ್’ ಎಂದೂ ‘ಗೇರ್ ಸೈಕಲ್’ ಎಂದೂ ಕರೆಯುವುದುಂಟು. ‘ಸಂದು’ ಎಂದರೆ ಟೈರಿನ ಹೊರಮೈಗೂ ಅದಕ್ಕೆ ಹತ್ತಿರದ ಫ್ರೇಮ್, ಫೋರ್ಕ್ ಅಥವಾ ಬ್ರೇಕಿನ ಭಾಗಕ್ಕೂ ನಡುವೆ ಉಳಿಯುವ ತೆರಪು. ‘ಸೀಟ್‌ಸ್ಟೇ’ ಎಂದರೆ ಸೀಟಿನ ಬುಡದಿಂದ ಹಿಂದಿನ ಚಕ್ರದ ಅಚ್ಚಿಗೆ ಇಳಿಯುವ ಎರಡು ಸಣ್ಣ ಕೊಳವೆಗಳು. ‘ಕ್ಯಾಲಿಪರ್ ಬ್ರೇಕ್’ ಟೈರಿನ ನೆತ್ತಿಯ ಮೇಲೆ ಒಂದು ಬೋಲ್ಟಿನಿಂದ ಕೂತು, ಎರಡು ತೋಳುಗಳಿಂದ ರಿಮ್ಮನ್ನು ಹಿಡಿಯುವ ಬ್ರೇಕು. ಮಡ್‌ಗಾರ್ಡಿನ ತಗಡು ಅಥವಾ ಪ್ಲಾಸ್ಟಿಕ್ ಕಮಾನಿಗೆ ‘ಹಾಳೆ’ ಎಂದೂ, ಹಾಳೆಯನ್ನು ಅಚ್ಚಿನ ಕಡೆಗೆ ಎಳೆದು ನಿಲ್ಲಿಸುವ ತಂತಿಗೆ ‘ಕಡ್ಡಿ’ ಎಂದೂ ಹೇಳಿದೆ. ಚಕ್ರದ ಕಡ್ಡಿಗಳನ್ನು ಬೇರ್ಪಡಿಸಿ ‘ಸ್ಪೋಕ್’ ಎಂದೇ ಕರೆದಿದೆ.

ಹಿನ್ನೆಲೆ

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಬಂದು, 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರನ್ನು ತಂದ ಮೇಲೆ ಸೈಕಲ್ ದಿನಬಳಕೆಯ ವಾಹನವಾಯಿತು. ದಿನಬಳಕೆಗೆ ಇಳಿದದ್ದೇ ತಡ, ಬಟ್ಟೆ ಕೊಳೆಯಾಗದಂತೆ ಮಡ್‌ಗಾರ್ಡ್ ಅದರ ಅಂಗವಾಯಿತು. ಭಾರತದಲ್ಲಿ 1949ರಲ್ಲಿ ಮದರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಶುರುವಾದ ಹೀರೋ ತಯಾರಿಸಿದ 28 ಇಂಚಿನ ಕಪ್ಪು ಸೈಕಲ್ಲುಗಳಿಗೆಲ್ಲ ಅಗಲವಾದ ತಗಡಿನ ಮಡ್‌ಗಾರ್ಡ್ ಕಾರ್ಖಾನೆಯಿಂದಲೇ ಬರುತ್ತಿತ್ತು. ಸಂದಿನ ಪ್ರಶ್ನೆಯೇ ಅಲ್ಲಿರಲಿಲ್ಲ. ಫೋರ್ಕಿನ ನೆತ್ತಿಗೂ ಟೈರಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಬಿಟ್ಟೇ ಅವನ್ನು ಕಟ್ಟಲಾಗುತ್ತಿತ್ತು. ಹಿಂದಿನ ಮಡ್‌ಗಾರ್ಡಿನ ತುದಿಗೆ ಬಳಿಯುವ ಬಿಳಿ ಬಣ್ಣಕ್ಕೆ ಎರಡನೇ ಮಹಾಯುದ್ಧದ ನಂಟಿದೆ: ದೀಪ ಆರಿಸಿದ ರಾತ್ರಿಗಳಲ್ಲಿ ಸೈಕಲ್ ಕಾಣಲೆಂದು ಬ್ರಿಟನ್ನಿನಲ್ಲಿ ಅದನ್ನು ಕಡ್ಡಾಯ ಮಾಡಿದ್ದರು. ಅಲ್ಲಿಯ ಕತ್ತಲು ಕಳೆದು ಎಷ್ಟೋ ದಶಕವಾದರೂ ಇಲ್ಲಿಯ ಸೈಕಲ್ಲುಗಳ ಬಾಲದಲ್ಲಿ ಆ ಬಿಳಿ ಪಟ್ಟೆ ಉಳಿದುಕೊಂಡಿದೆ.

ಪಂದ್ಯದ ಸೈಕಲ್ಲಿನ ದಾರಿ ಬೇರೆ. ತೂಕ ಇಳಿಸಲು ಮಡ್‌ಗಾರ್ಡನ್ನು ತೆಗೆದರು. ಅದಿಲ್ಲದ ಮೇಲೆ ಅದಕ್ಕಾಗಿ ಬಿಟ್ಟಿದ್ದ ಜಾಗವೂ ಬೇಡವೆನಿಸಿತು. ಚಕ್ರಗಳನ್ನು ಫ್ರೇಮಿಗೆ ಒತ್ತಿ ತಂದು, ಟೈರನ್ನು 23 ಮಿ.ಮೀ. ಆಸುಪಾಸಿಗೆ ಇಳಿಸಿ, ಗಿಡ್ಡ ತೋಳಿನ ಕ್ಯಾಲಿಪರ್ ಬ್ರೇಕನ್ನು ಟೈರಿನ ನೆತ್ತಿಗೆ ಅಂಟಿದಂತೆ ಕೂರಿಸಿದರು. ಫ್ರಾನ್ಸಿನಲ್ಲಿ ಮಾತ್ರ ದೂರ ಸವಾರಿಯ ಸಂಪ್ರದಾಯ ಉಳಿದು, ಅಲ್ಯೂಮಿನಿಯಂ ಮಡ್‌ಗಾರ್ಡನ್ನು ಫ್ರೇಮಿನ ಭಾಗವಾಗಿಯೇ ಕಟ್ಟುವ ಕುಶಲಿಗರು ಮುಂದುವರಿದರು. ಉಳಿದೆಡೆ ಪಂದ್ಯದ ಸೈಕಲ್ಲಿನ ರೂಪವೇ ಹೆಚ್ಚಿನ ರೋಡ್ ಸೈಕಲ್ಲುಗಳಿಗೆ ಮಾದರಿಯಾಯಿತು. ಪಂದ್ಯಕ್ಕೆ ಎಂದೂ ಹೋಗದವರೂ ಪಂದ್ಯದ ಇಕ್ಕಟ್ಟನ್ನೇ ಕೊಂಡರು. ಕ್ಲಿಪ್ ಮಡ್‌ಗಾರ್ಡ್ ಹುಟ್ಟಿದ್ದು ಈ ಅಸಂಗತತೆಯಿಂದ.

ಜರ್ಮನಿಯ ಸುಂಡರ್ನ್‌ನ ಎಸ್.ಕೆ.ಎಸ್. ಕಂಪನಿಯ ‘ರೇಸ್‌ಬ್ಲೇಡ್’, ಬ್ರಿಟನ್ನಿನ ಕ್ರಡ್ ಕಂಪನಿಯ ‘ರೋಡ್‌ರೇಸರ್’, ಸ್ವೀಡನ್ನಿನ ‘ಆಸ್ ಸೇವರ್ಸ್’ ಎಂಬ ಸೀಟಿನಡಿಯ ಪಟ್ಟಿ ಈ ವರ್ಗದ ಹೆಸರಾಂತ ಮಾದರಿಗಳು. ಫ್ರಾನ್ಸಿನ ಜೆಫಾಲ್, ತೈವಾನಿನ ಟೋಪೀಕ್ ಕಂಪನಿಗಳೂ ತಯಾರಿಸುತ್ತವೆ.

ನೀರು ಚಿಮ್ಮುವ ಬಗೆ

ಮಡ್‌ಗಾರ್ಡ್ ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಎಂಬುದನ್ನು ತೀರ್ಮಾನಿಸುವುದು ಚಕ್ರದ ಚಲನೆ. ಟೈರಿಗೆ ಅಂಟಿದ ನೀರು ಬಿಟ್ಟುಹೋಗುವಾಗ, ಆ ಬಿಂದುವಿನಲ್ಲಿ ಟೈರು ಯಾವ ದಿಕ್ಕಿಗೆ ಸಾಗುತ್ತಿತ್ತೋ ಅದೇ ದಿಕ್ಕಿಗೆ ನೇರವಾಗಿ ಹಾರುತ್ತದೆ. ಸವಾರನ ಕಣ್ಣಿನಿಂದ ನೋಡಿದರೆ ಟೈರಿನ ಮೈ ನೆಲದ ಬಳಿ ಹಿಂದಕ್ಕೂ, ಚಕ್ರದ ಹಿಂಭಾಗದಲ್ಲಿ ಮೇಲಕ್ಕೂ, ನೆತ್ತಿಯಲ್ಲಿ ಮುಂದಕ್ಕೂ, ಮುಂಭಾಗದಲ್ಲಿ ಕೆಳಕ್ಕೂ ಓಡುತ್ತಿರುತ್ತದೆ. ಸೈಕಲ್ ಎಷ್ಟು ವೇಗದಲ್ಲಿದೆಯೋ ನೀರಿನ ವೇಗವೂ ಅಷ್ಟೇ.

ಗಂಟೆಗೆ 25 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 6.9 ಮೀಟರ್. ಆ ವೇಗದಲ್ಲಿ ನೇರ ಮೇಲಕ್ಕೆ ಚಿಮ್ಮಿದ ಹನಿ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 2.4 ಮೀಟರ್ ಎತ್ತರ ಏರಬಲ್ಲದು. ಘಟ್ಟ ಇಳಿಯುವಾಗ ಗಂಟೆಗೆ 40 ಕಿ.ಮೀ. ಮುಟ್ಟಿದರೆ ಅದೇ ಲೆಕ್ಕ 6 ಮೀಟರ್ ದಾಟುತ್ತದೆ. ಮಳೆ ನಿಂತು ಗಂಟೆಯಾದರೂ ಒದ್ದೆ ರಸ್ತೆಯಲ್ಲಿ ಬೆನ್ನು ತೋಯುವುದಕ್ಕೆ ಇದೇ ಕಾರಣ.

ಹಿಂದಿನ ಚಕ್ರದಲ್ಲಿ ಅಚ್ಚಿನ ಮಟ್ಟದಿಂದ ನೆತ್ತಿಯವರೆಗಿನ ಕಾಲುಭಾಗದ ನೀರು ಮೇಲಕ್ಕೂ ಮುಂದಕ್ಕೂ ಹಾರಿ ಸವಾರನ ಕುಂಡೆಗೂ ಬೆನ್ನಿಗೂ ಬಡಿಯುತ್ತದೆ. ಅಚ್ಚಿನ ಮಟ್ಟಕ್ಕಿಂತ ಕೆಳಗಿನದು ಮೇಲಕ್ಕೂ ಹಿಂದಕ್ಕೂ ಹಾರುತ್ತದೆ. ಅದು ತಾಗುವುದು ಹಿಂದೆ ಬರುವವರ ಮುಖಕ್ಕೆ. ನೆತ್ತಿ ದಾಟಿ ಮುಂದೆ ಬಂದ ನೀರು ಸೀಟಿನ ಕೊಳವೆಗೂ ಗೇರು ಬದಲಿಸುವ ಭಾಗಕ್ಕೂ ಇಳಿಯುತ್ತದೆ. ಮುಂದಿನ ಚಕ್ರದ ಕಥೆ ಇದಕ್ಕಿಂತ ಭಿನ್ನ. ಅದರ ಹಿಂಭಾಗದ ಕೆಳ ಕಾಲುಭಾಗದಿಂದ ಚಿಮ್ಮುವ ನೀರು ನೇರವಾಗಿ ಪಾದಕ್ಕೆ, ಪೆಡಲ್ಲಿನ ಅಚ್ಚಿಗೆ, ಫ್ರೇಮಿನ ಕೆಳಗೊಳವೆಗೆ ಬಡಿಯುತ್ತದೆ. ನೆತ್ತಿಯ ನೀರು ಮುಂದಕ್ಕೆ ಹಾರಿ, ಎದುರುಗಾಳಿಗೆ ಸಿಕ್ಕಿ ಸವಾರನ ಮುಖಕ್ಕೆ ಮರಳುತ್ತದೆ.

ಹೀಗಾಗಿ ಬೆನ್ನು ಉಳಿಸಲು ಹಿಂದಿನ ಹಾಳೆ ಮೇಲೆ ಇದ್ದರೆ ಸಾಕು. ಪಾದ ಉಳಿಸಲು ಮುಂದಿನ ಹಾಳೆ ನೆಲದ ಹತ್ತಿರದವರೆಗೆ ಇಳಿಯಲೇಬೇಕು. ಕ್ಲಿಪ್ ಮಡ್‌ಗಾರ್ಡುಗಳಲ್ಲಿ ಹೆಚ್ಚಿನವು ಮೊದಲನೆಯ ಕೆಲಸವನ್ನು ಚೆನ್ನಾಗಿಯೂ ಎರಡನೆಯದನ್ನು ಅರ್ಧಂಬರ್ಧವಾಗಿಯೂ ಮಾಡುತ್ತವೆ.

ರಚನೆ

ಹಾಳೆ ಸಾಮಾನ್ಯವಾಗಿ ಬಾಗಿದರೂ ಮುರಿಯದ ಪ್ಲಾಸ್ಟಿಕ್ಕಿನದು. ಅಡ್ಡಕೊಯ್ತದಲ್ಲಿ ತುಸು ಡೊಗರಾಗಿದ್ದು, ಅಂಚುಗಳು ಕೆಳಕ್ಕೆ ಮಡಿದಿರುತ್ತವೆ. ಚಿಮ್ಮಿದ ನೀರು ಬದಿಗೆ ಸೋರದೆ ಹಾಳೆಯುದ್ದಕ್ಕೂ ಹರಿದು ತುದಿಯಲ್ಲಿ ತೊಟ್ಟಿಕ್ಕಲು ಈ ಮಡಿಕೆ ಬೇಕು. ಹಾಳೆ ಟೈರಿಗಿಂತ ಅಗಲವಾಗಿರಬೇಕು. ಪೂರ್ಣ ಮಡ್‌ಗಾರ್ಡುಗಳಲ್ಲಿ 35 ಮಿ.ಮೀ. ಅಗಲದ್ದು 28 ಮಿ.ಮೀ.ವರೆಗಿನ ಟೈರಿಗೆ ಹೊಂದುತ್ತದೆ. ಕ್ಲಿಪ್ ಮಾದರಿಗಳು ಫೋರ್ಕಿನ ಎರಡು ಕಾಲುಗಳ ನಡುವೆ ಹಾಯಬೇಕಾದ ಕಡೆ ಇದಕ್ಕಿಂತ ಕಿರಿದಾಗಿರುತ್ತವೆ.

ಹಾಳೆಯನ್ನು ಹೊರುವುದು ಎರಡು ಪುಟ್ಟ ಕಡ್ಡಿಗಳು. ಅವುಗಳ ಬುಡದಲ್ಲಿ ರಬ್ಬರ್ ಮೆತ್ತೆ ಇರುತ್ತದೆ. ಮೆತ್ತೆಯ ಸುತ್ತ ತೂತುಗಳ ಸಾಲಿರುವ ರಬ್ಬರ್ ಪಟ್ಟಿ ಎಳೆದು ಕೊಕ್ಕೆಗೆ ಸಿಕ್ಕಿಸಿದರೆ ಕಡ್ಡಿ ಫೋರ್ಕಿಗೋ ಸೀಟ್‌ಸ್ಟೇಗೋ ಅಂಟಿ ನಿಲ್ಲುತ್ತದೆ. ಹಾಳೆಯ ತುದಿಗೆ ಮೆತ್ತನೆಯ ರಬ್ಬರ್ ಬಾಲ ಜೋಡಿಸುವುದುಂಟು. ನೆಲದ ಕಲ್ಲಿಗೆ ಅಥವಾ ಮೆಟ್ಟಿಲಿಗೆ ತಾಗಿದರೆ ಬಾಗಲಿ ಎಂಬ ಉದ್ದೇಶ ಇದರದು. ಹಳೆಯ ಕಪ್ಪು ಸೈಕಲ್ಲುಗಳ ಮಡ್‌ಗಾರ್ಡಿನಲ್ಲಿ ಕಂಪನಿ ಹೆಸರು ಒತ್ತಿದ ರಬ್ಬರ್ ತುಂಡು ನೇತಾಡುತ್ತಿದ್ದುದೂ ಇದೇ ಕೆಲಸಕ್ಕೆ.

ಬಗೆಗಳು

ಪಟ್ಟಿ ಬಿಗಿಯುವ ಬಗೆ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಇದರ ಹಾಳೆ ಬ್ರೇಕಿನ ಹಿಂದೆಯೇ ಶುರುವಾಗಿ ಹಿಂದಕ್ಕೆ ಚಾಚುತ್ತದೆ; ಬ್ರೇಕಿನ ಅಡಿಗೆ ಏನೂ ಹೋಗುವುದಿಲ್ಲ. ಸಂದು ಎಷ್ಟೇ ಕಿರಿದಾಗಿದ್ದರೂ ಕೂರುತ್ತದೆ. ಆದರೆ ಬ್ರೇಕಿನ ಮುಂದಿನ ಭಾಗ, ಸೀಟಿನ ಕೊಳವೆಯ ಹಿಂಬದಿ, ಪಾದ ಇವಿಷ್ಟೂ ಬಯಲಾಗಿಯೇ ಉಳಿಯುತ್ತವೆ.

ತುಂಡುಹಾಳೆಯ ಬಗೆ ಈ ಕೊರತೆಯನ್ನು ಬುದ್ಧಿವಂತಿಕೆಯಿಂದ ತುಂಬುತ್ತದೆ. ಎಸ್.ಕೆ.ಎಸ್. ‘ರೇಸ್‌ಬ್ಲೇಡ್ ಲಾಂಗ್’ ಇದರ ಮಾದರಿ. ಹಾಳೆಯನ್ನು ಬ್ರೇಕಿನ ಬಳಿ ಕತ್ತರಿಸಿ, ಮುಂದಿನ ತುಂಡು ಹಾಗೂ ಹಿಂದಿನ ತುಂಡುಗಳನ್ನು ಬ್ರೇಕಿನ ಬೋಲ್ಟಿಗೆ ಸಿಕ್ಕಿಸಿದ ತೆಳು ಲೋಹದ ತುಂಡಿನಿಂದ ಬೆಸೆಯುತ್ತಾರೆ. ಕಡ್ಡಿಗಳು ಅಚ್ಚಿನ ಸನ್ನೆಬೋಲ್ಟಿನ (ಕ್ವಿಕ್ ರಿಲೀಸ್) ಬಳಿ ಕ್ಲಿಪ್ ಆಗುತ್ತವೆ. ಹೊರನೋಟಕ್ಕೆ ಪೂರ್ಣ ಮಡ್‌ಗಾರ್ಡ್, ಒಳಗೆ ಎರಡು ಅರ್ಧಗಳು. ಫ್ರೇಮಿನ ಮೂಲಕವೇ ಹಾಯುವ 12 ಮಿ.ಮೀ. ಅಚ್ಚಿನ ಹೊಸ ಸೈಕಲ್ಲುಗಳಿಗೆ ಸನ್ನೆಬೋಲ್ಟಿನ ಕ್ಲಿಪ್ ಹೊಂದುವುದಿಲ್ಲ.

ತೆಳುಹಾಳೆಯ ಬಗೆ ಸಂದಿನೊಳಗೇ ನುಸುಳುತ್ತದೆ. ಕ್ರಡ್ ಕಂಪನಿಯದು 4 ಮಿ.ಮೀ. ಆಸುಪಾಸಿನ ಸಂದಿದ್ದರೂ ಹಾಯುವಂತೆ ರೂಪಿಸಿದ್ದು. ಹಾಳೆ ಅಲುಗಾಡಿ ಟೈರಿಗೆ ತಾಗದಂತೆ ರಿಮ್ಮಿನ ಬದಿಗೆ ಸವರುವ ಮೆತ್ತೆಗಳನ್ನು ಅದರಲ್ಲಿ ಇಟ್ಟಿದ್ದಾರೆ. ಶುದ್ಧ ನೀರಿನ ಮಳೆಗೆ ಇದು ಸೊಗಸು. ಅಂಟುಮಣ್ಣಿನ ನಾಡಿಗೆ ಅಷ್ಟು ಹೊಂದದು. ಕಾರಣ ಮುಂದೆ ಬರುತ್ತದೆ.

ಸೀಟಿನ ಬಗೆಯಲ್ಲಿ ಎರಡು ರೂಪಗಳಿವೆ. ಒಂದು, ಸೀಟಿನ ಕಂಬಕ್ಕೆ ಬಿಗಿಯುವ ಉದ್ದನೆಯ ರೆಕ್ಕೆ. ಇನ್ನೊಂದು, ಸೀಟಿನ ತಂತಿಗಳ ನಡುವೆ ಮಡಚಿ ತೂರಿಸುವ ಪ್ಲಾಸ್ಟಿಕ್ ನಾಲಿಗೆ. ಎರಡನೆಯದು ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಹಗುರ. ಅದು ಕಾಯುವುದು ಕುಂಡೆಯನ್ನಷ್ಟೆ. ಹಳೆಯ ನೀರಿನ ಬಾಟಲಿ ಅಥವಾ ಪ್ಲಾಸ್ಟಿಕ್ ಫೈಲಿನ ರಟ್ಟನ್ನು ಕತ್ತರಿಸಿ, ಕೇಬಲ್ ಟೈ ಹಾಕಿ ಮನೆಯಲ್ಲೇ ಮಾಡಿಕೊಳ್ಳುವ ರೂಪವೂ ಇದೇ ವರ್ಗಕ್ಕೆ ಸೇರುತ್ತದೆ, ಮತ್ತು ಕೊಂಡದ್ದಕ್ಕಿಂತ ಅಷ್ಟೇನೂ ಕಡಿಮೆ ಕೆಲಸ ಮಾಡುವುದಿಲ್ಲ.

ಸಂದಿನ ಅಳತೆ

ಮಡ್‌ಗಾರ್ಡ್ ಕೊಳ್ಳುವ ಮೊದಲು ಸಂದನ್ನು ಅಳೆಯುವುದು ಅಗತ್ಯ. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಅಳೆಯಬೇಕಾದ ಜಾಗಗಳು: ಫೋರ್ಕಿನ ನೆತ್ತಿಯ ಅಡಿ, ಮುಂದಿನ ಬ್ರೇಕಿನ ಕಮಾನಿನ ಅಡಿ, ಹಿಂದಿನ ಬ್ರೇಕಿನ ಅಡಿ, ಸೀಟಿನ ಕೊಳವೆಯ ಹಿಂದೆ. ಇವಲ್ಲದೆ ಟೈರಿನ ಎಡಬಲಕ್ಕೆ ಫೋರ್ಕಿನ ಒಳಮೈವರೆಗಿನ ಜಾಗವನ್ನೂ ನೋಡಬೇಕು.

ಸ್ಕೇಲು ಆ ಇಕ್ಕಟ್ಟಿಗೆ ಹೋಗದು. ಸೈಕಲ್ ಸವಾರರಲ್ಲಿ ಹೇಗೂ ಇರುವ ಅಲೆನ್ ಕೀಗಳೇ ಇಲ್ಲಿ ಅಳತೆಗೋಲು. ಟೈರಿಗೆ ಸವಾರಿಯ ಮಟ್ಟದ ಗಾಳಿ ತುಂಬಿ, ಬ್ರೇಕನ್ನು ಮಾಮೂಲಿ ಸ್ಥಿತಿಯಲ್ಲಿಟ್ಟು, 4, 5, 6 ಮಿ.ಮೀ. ಕೀಗಳನ್ನು ಒಂದೊಂದಾಗಿ ಸಂದಿನಲ್ಲಿ ತೂರಿಸಬೇಕು. ಯಾವುದು ಸಡಿಲವಾಗಿ ಹಾಯುತ್ತದೋ ಅದೇ ಸಂದಿನ ಅಳತೆ. ಬಳಿಕ ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಟೈರು ಎಲ್ಲ ಕಡೆ ಒಂದೇ ಎತ್ತರ ಇರುವುದಿಲ್ಲ. ಚಕ್ರದಲ್ಲಿ ಬೆಂಡ್ ಇದ್ದರೆ ಮೊದಲು ಸೈಕಲ್ ಶಾಪಿನಲ್ಲಿ ಬೆಂಡ್ ತೆಗೆಸಿ ಅಳೆಯುವುದು ಸರಿಯಾದ ಕ್ರಮ.

ಟೈರಿನ ಮೇಲೆ ಅಚ್ಚಾದ ಅಂಕಿಯನ್ನು ನಂಬುವಂತಿಲ್ಲ. 25 ಎಂದು ಬರೆದ ಟೈರು ಒಳ ಅಗಲ ಹೆಚ್ಚಿರುವ ಈಗಿನ ರಿಮ್ಮಿನ ಮೇಲೆ ಕೂತಾಗ ಹಿಗ್ಗಿ 27 ಮಿ.ಮೀ. ಹತ್ತಿರ ಬರುತ್ತದೆ. ಕ್ಯಾಲಿಪರ್ ಬ್ರೇಕುಗಳಲ್ಲಿ ಗಿಡ್ಡ ತೋಳಿನದು ಬೋಲ್ಟಿನಿಂದ ರಬ್ಬರ್ ಮೆತ್ತೆಯವರೆಗೆ 39ರಿಂದ 49 ಮಿ.ಮೀ. ಚಾಚುತ್ತದೆ; ಉದ್ದ ತೋಳಿನದು 47ರಿಂದ 57 ಮಿ.ಮೀ. ಮೊದಲ ಬಗೆಯ ಬ್ರೇಕಿದ್ದರೆ ಬ್ರೇಕಿನಡಿಯಿಂದ ಪೂರ್ಣ ಮಡ್‌ಗಾರ್ಡ್ ಹಾಯಿಸುವ ಯೋಚನೆಯನ್ನೇ ಬಿಡುವುದು ಲೇಸು. ಉದ್ದ ತೋಳಿನ ಬ್ರೇಕಿಗೆಂದೇ ಕಟ್ಟಿದ ಫ್ರೇಮುಗಳಲ್ಲಿ ಮಾತ್ರ ಆ ದಾರಿ ತೆರೆದಿರುತ್ತದೆ.

ಪೂರ್ಣ ಮಡ್‌ಗಾರ್ಡಿಗೆ ಟೈರಿನ ಮೇಲೆ ಸುಮಾರು 10 ಮಿ.ಮೀ. ಸಂದಾದರೂ ಬೇಕು: ಹಾಳೆಯ ದಪ್ಪ, ಬೋಲ್ಟಿನ ತಲೆ, ಅದರಾಚೆ ಉಳಿಯುವ ತೆರಪು ಎಲ್ಲ ಸೇರಿ ಅಷ್ಟಾಗುತ್ತದೆ. 4ರಿಂದ 6 ಮಿ.ಮೀ. ಇದ್ದರೆ ತೆಳುಹಾಳೆಯ ಬಗೆ. 4ಕ್ಕಿಂತ ಕಡಿಮೆ ಇದ್ದರೆ ಪಟ್ಟಿ ಬಿಗಿಯುವ ಬಗೆ ಅಥವಾ ತುಂಡುಹಾಳೆ. ಕಲ್ಲುಪುಡಿ ಬೆರೆತ ಕೆಸರಿನ ರಸ್ತೆಯಾದರೆ ಈ ಪ್ರತಿ ಅಂಕಿಗೂ 2 ಮಿ.ಮೀ. ಸೇರಿಸಿ ಲೆಕ್ಕ ಹಾಕುವುದು ಕ್ಷೇಮ.

ಅಳವಡಿಕೆ

ಮೊದಲು ಫೋರ್ಕನ್ನೂ ಸೀಟ್‌ಸ್ಟೇಗಳನ್ನೂ ತೊಳೆದು ಪೂರ್ತಿ ಒಣಗಿಸಬೇಕು. ರಬ್ಬರ್ ಮೆತ್ತೆ ಮತ್ತು ಬಣ್ಣದ ನಡುವೆ ಒಂದು ಚಿಟಿಕೆ ಮರಳು ಉಳಿದರೂ ಅದು ಮರಳುಕಾಗದದಂತೆ ಉಜ್ಜಿ ಬಣ್ಣವನ್ನೂ, ಕಾರ್ಬನ್ ಫ್ರೇಮಾದರೆ ಅದರ ಮೇಲ್ಪದರವನ್ನೂ ತಿನ್ನುತ್ತದೆ. ಮೆತ್ತೆ ಕೂರುವ ಜಾಗಕ್ಕೆ ಪಾರದರ್ಶಕ ರಕ್ಷಾಪಟ್ಟಿ ಅಂಟಿಸುವುದು ರೂಢಿ. ಅದು ಇಲ್ಲದಿದ್ದರೆ ಪಂಕ್ಚರ್ ಆಗಿ ಬಿಸಾಡಿದ ಟ್ಯೂಬಿನ ತುಂಡು ಸುತ್ತಿದರೂ ಆದೀತು. ಕೊಳವೆ ತೀರಾ ಸಣ್ಣದಾಗಿ ಪಟ್ಟಿ ಬಿಗಿಯಾಗದಿದ್ದಾಗಲೂ ಇದೇ ಉಪಾಯ.

ಹಿಂದಿನದನ್ನು ಮೊದಲು ಕೂರಿಸುವುದು ಸುಲಭ. ಕಡ್ಡಿಗಳ ಮೆತ್ತೆಯನ್ನು ಬ್ರೇಕಿನ ತೋಳುಗಳಿಂದ ಕೆಳಗೆ, ಎರಡೂ ಸೀಟ್‌ಸ್ಟೇಗಳಲ್ಲಿ ಒಂದೇ ಎತ್ತರಕ್ಕೆ ಇಟ್ಟು ಪಟ್ಟಿ ಎಳೆಯಬೇಕು. ಪಟ್ಟಿಯಡಿ ಬ್ರೇಕಿನ ಕೇಬಲ್ ಸಿಕ್ಕಿಕೊಂಡಿರಬಾರದು. ಬ್ರೇಕ್ ಹಿಡಿದು ಬಿಟ್ಟಾಗ ತೋಳುಗಳು ಹಾಳೆಯ ಅಂಚಿಗೆ ತಾಗದೆ ಪೂರ್ತಿ ತೆರೆಯಬೇಕು. ತಾಗಿದರೆ ಬ್ರೇಕಿನ ಒಂದು ಬದಿ ರಿಮ್ಮಿಗೆ ಸವರುತ್ತಲೇ ಇರುತ್ತದೆ. ಏರುದಾರಿಯಲ್ಲಿ ಸವಾರನಿಗೆ ದಣಿವಿನ ಕಾರಣ ಗೊತ್ತಾಗುವುದೂ ಇಲ್ಲ. ಸೀಟಿನ ಕೆಳಗೆ ಚೀಲ ಕಟ್ಟಿದ್ದರೆ ಅದರ ತಳ ಹಾಳೆಯನ್ನು ಒತ್ತದಂತೆ ನೋಡಬೇಕು. ಸೀಟಿನ ಕಂಬ ಕಾರ್ಬನ್ನಿನದಾದರೆ ಕಂಬಕ್ಕೆ ಬಿಗಿಯುವ ರೆಕ್ಕೆಯನ್ನು ತಪ್ಪಿಸುವುದು ಒಳ್ಳೆಯದು.

ಹಾಳೆ ಮತ್ತು ಟೈರಿನ ನಡುವಿನ ಅಂತರ ಉದ್ದಕ್ಕೂ ಒಂದೇ ಸಮ ಇರದೆ ಹಿಂದಿನ ತುದಿಯತ್ತ ಕೊಂಚ ಹೆಚ್ಚುತ್ತ ಹೋದರೂ ನಡೆಯುತ್ತದೆ. ಟೈರು ಹೊತ್ತು ತಂದ ಎಲೆ, ಪುಳ್ಳೆ ಅಗಲವಾದ ಕಡೆಯಿಂದ ಒಳಬಂದು ಕಿರಿದಾದ ಕಡೆ ಸಿಕ್ಕಿಕೊಳ್ಳುತ್ತವೆ ಎಂಬ ಆಕ್ಷೇಪ ಇದಕ್ಕಿದೆ. ಪಟ್ಟಿ ಬಿಗಿಯುವ ಬಗೆಯಲ್ಲಿ ಹಾಳೆಯ ಮುಂದಿನ ತುದಿ ಬಯಲಿಗೆ ತೆರೆದುಕೊಳ್ಳುವುದರಿಂದ ಆ ತೊಂದರೆ ಕಡಿಮೆ. ಪೂರ್ಣ ಮಡ್‌ಗಾರ್ಡಿಗಾದರೆ ಸಮ ಅಂತರವೇ ಸರಿ.

ಮುಂದಿನದರಲ್ಲಿ ಎಚ್ಚರ ಹೆಚ್ಚು ಬೇಕು. ಹಿಂದಿನ ಹಾಳೆ ಜಾರಿದರೆ ಸದ್ದಾಗುತ್ತದೆ. ಮುಂದಿನದು ಜಾರಿ ಚಕ್ರಕ್ಕೆ ಸುತ್ತಿಕೊಂಡರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಸೈಕಲ್ಲಿನ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 4210ರಲ್ಲಿ ಮುಂದಿನ ಮಡ್‌ಗಾರ್ಡಿಗೆ ಪ್ರತ್ಯೇಕ ಪರೀಕ್ಷೆ ಇರುವುದು ಇದೇ ಭಯದಿಂದ. ಪೂರ್ಣ ಮಡ್‌ಗಾರ್ಡುಗಳ ಮುಂದಿನ ಕಡ್ಡಿಯ ಬುಡದಲ್ಲಿ, ಕೋಲು ಸಿಕ್ಕಿದರೆ ತಾನಾಗಿ ಕಳಚಿಕೊಳ್ಳುವ ಪ್ಲಾಸ್ಟಿಕ್ ಬೀಗ ಇಡುತ್ತಾರೆ. ಕ್ಲಿಪ್ ಮಡ್‌ಗಾರ್ಡಿನಲ್ಲಿ ರಬ್ಬರ್ ಪಟ್ಟಿಯೇ ಆ ಬೀಗ. ಹಾಗಾಗಿ ಪಟ್ಟಿ ಸಾಲದೆಂದು ತಂತಿ ಸುತ್ತಿ ಬಿಗಿಯುವುದು ರಕ್ಷಣೆಯನ್ನು ಕಳೆದಂತೆ.

ಕೂರಿಸಿದ ಮೇಲಿನ ಪರೀಕ್ಷೆ ಹೀಗೆ ನಡೆಯುತ್ತದೆ. ಚಕ್ರವನ್ನು ಎತ್ತಿ ತಿರುಗಿಸಿ ಸದ್ದು ಆಲಿಸುವುದು. ಸೈಕಲ್ಲನ್ನು ಅಂಗೈ ಎತ್ತರದಿಂದ ನೆಲಕ್ಕೆ ಬಿಟ್ಟು ಹಾಳೆ ಟೈರಿಗೆ ಬಡಿಯುತ್ತದೆಯೇ ನೋಡುವುದು. ಪೆಡಲ್ಲನ್ನು ಮುಂದಕ್ಕೆ ತಂದು, ಪಾದ ಇಟ್ಟು, ಹ್ಯಾಂಡಲ್ ತಿರುಗಿಸುವುದು: ಕಾಲ್ಬೆರಳಿಗೆ ಹಾಳೆ ತಾಗಿದರೆ ನಿಧಾನಗತಿಯ ತಿರುವಿನಲ್ಲಿ ಅಪಾಯ. ಸಣ್ಣ ಫ್ರೇಮುಗಳಲ್ಲಿ ಬೆರಳು ಮುಂದಿನ ಚಕ್ರಕ್ಕೆ ಮೊದಲೇ ತಾಗುತ್ತಿರುತ್ತದೆ. ಮಡ್‌ಗಾರ್ಡ್ ಅದನ್ನು ಇನ್ನೂ ಹೆಚ್ಚಿಸುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಸವಾರಿಯ ಬಳಿಕ ರಬ್ಬರ್ ಸಡಿಲಗೊಳ್ಳುವುದರಿಂದ ಪಟ್ಟಿಯನ್ನು ಇನ್ನೊಂದು ತೂತು ಎಳೆಯಬೇಕಾಗುತ್ತದೆ.

ಕುದುರೆಮುಖ ಸೀಮೆಯಲ್ಲಿ

ಭದ್ರಾ, ತುಂಗಾ, ನೇತ್ರಾವತಿ ಮೂರೂ ಹುಟ್ಟುವ ಈ ಬೆಟ್ಟಸಾಲಿನ ರಸ್ತೆಗಳಲ್ಲಿ ಮಳೆಯ ಪ್ರಮಾಣ ಸ್ವಲ್ಪ ದೂರದಲ್ಲೇ ಬಹಳ ಬದಲಾಗುತ್ತದೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಆಸುಪಾಸು ಮಳೆ. ಪೂರ್ವಕ್ಕೆ ಸರಿದಂತೆ ಅದು ಇಳಿಯುತ್ತ ಮೂಡಿಗೆರೆ ದಾಟಿ ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಅದರ ಒಂದು ಸಣ್ಣ ಪಾಲಷ್ಟೇ ಉಳಿಯುತ್ತದೆ. ಬೆಳಿಗ್ಗೆ ಚಿಕ್ಕಮಗಳೂರಿನ ಒಣ ರಸ್ತೆಯಲ್ಲಿ ಹೊರಟ ಸವಾರ ಕೊಟ್ಟಿಗೆಹಾರ ತಲಪುವಾಗ ತೋಯ್ದಿರುವುದು ಇಲ್ಲಿ ಸಾಮಾನ್ಯ. ಕಳಚಿ ಹಾಕಬಹುದಾದ ಮಡ್‌ಗಾರ್ಡಿನ ಕಲ್ಪನೆ ಇಂಥ ದಾರಿಗೆ ಹೊಂದುತ್ತದೆ.

ಮಳೆನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ, ಜೂನ್ ಮೊದಲ ವಾರದ ಕೊನೆಗೆ ಹುಟ್ಟುವ ಮೃಗಶಿರಾದಲ್ಲಿ ರಸ್ತೆಯ ಧೂಳು ಕೆಸರಾಗುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಜಡಿಮಳೆ ಹಿಡಿದರೆ ಬಿಡುವುದಿಲ್ಲ. ಆ ದಿನಗಳಲ್ಲಿ ಮೇಲಿನಿಂದ ಬೀಳುವ ನೀರೇ ಸವಾರನನ್ನು ತೋಯಿಸುವುದರಿಂದ ಮಡ್‌ಗಾರ್ಡಿನ ಪ್ರಯೋಜನ ಬಟ್ಟೆ ಒಣಗಿಡುವುದಲ್ಲ; ಮಣ್ಣುನೀರು ಚೈನು, ಬೇರಿಂಗು, ಕಣ್ಣುಗಳಿಗೆ ಹೋಗದಂತೆ ತಡೆಯುವುದು. ಅದು ನಿಜವಾಗಿ ಬೆಲೆ ಪಡೆಯುವುದು ಮಘೆಯ ನಂತರ, ಮಳೆ ಬಿಟ್ಟುಬಿಟ್ಟು ಬರುವ ಕಾಲದಲ್ಲಿ: ಆಕಾಶ ತೆರವು, ರಸ್ತೆ ಒದ್ದೆ. ಮಾರ್ಚ್–ಏಪ್ರಿಲಿನಲ್ಲಿ ಕಾಫಿ ಗಿಡಕ್ಕೆ ಬೇಕಾಗುವ ಹೂಮಳೆಯೂ ಅರ್ಧ ದಿನದ ಮಟ್ಟಿಗೆ ಇದೇ ಸ್ಥಿತಿಯನ್ನು ತರುತ್ತದೆ.

ಮಲೆನಾಡಿನ ಗದ್ದೆ ಕೆಲಸದಲ್ಲಿ ಬಳಸುತ್ತಿದ್ದ ಎಲೆಯ ಗೊರಬು ತಲೆಯಿಂದ ಬೆನ್ನಿನವರೆಗೆ ಮುಚ್ಚಿ, ಎದೆ–ಕಾಲುಗಳನ್ನು ಮಳೆಗೆ ಬಿಡುತ್ತಿತ್ತು. ಬಾಗಿ ನೆಟ್ಟಿ ಮಾಡುವವರಿಗೆ ಬೇಕಾದದ್ದು ಅಷ್ಟೇ. ಬಾಗಿ ಕೂರುವ ರೋಡ್ ಸೈಕಲ್ ಸವಾರನಿಗೆ ಹಿಂದಿನ ಕ್ಲಿಪ್ ಮಡ್‌ಗಾರ್ಡ್ ಮಾಡುವ ಕೆಲಸವೂ ಇದನ್ನೇ ಹೋಲುತ್ತದೆ, ನೀರು ಬರುವ ದಿಕ್ಕು ಮಾತ್ರ ತಿರುಗುಮುರುಗು.

ಇಲ್ಲಿಯ ಕೆಸರಿನ ಗುಣ ಬೇರೆ. ಜಂಬಿಟ್ಟಿಗೆಯ ಕೆಂಪು ಮಣ್ಣು ನುಣ್ಣಗೆ ಅರೆದು ಅಂಟಾಗುತ್ತದೆ. ಅದರೊಳಗೆ ಗಡುಸಾದ ಕಬ್ಬಿಣಯುಕ್ತ ಹರಳುಗಳೂ ಇರುತ್ತವೆ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿಯನ್ನು ಇಲ್ಲಿಗೆ ತಂದದ್ದು, 2005ರ ಕೊನೆಯವರೆಗೆ ಗಣಿಗಾರಿಕೆ ನಡೆಸಿದ್ದು ಈ ನೆಲದ ಕಬ್ಬಿಣವೇ. ತೋಟದ ದಾರಿಗಳಿಂದ ಜೀಪು, ಪಿಕಪ್, ಟ್ರ್ಯಾಕ್ಟರುಗಳ ಚಕ್ರಕ್ಕೆ ಅಂಟಿ ಬಂದ ಮಣ್ಣು ಡಾಂಬರಿನ ಮೇಲೆ ಹಾಸಿಕೊಳ್ಳುತ್ತದೆ. ಸಿಲ್ವರ್ ಓಕ್ ಎಲೆ ಅದಕ್ಕೆ ಸೇರುತ್ತದೆ. ಎಲೆ, ಅಂಟುಮಣ್ಣು ಕೂಡಿ 4 ಮಿ.ಮೀ. ಸಂದನ್ನು ತುಂಬಲು ಒಂದು ತೋಟದ ಗೇಟಿನ ಮುಂದಿನ ಕೆಸರೇ ಸಾಕು. ತೆಳುಹಾಳೆಯ ಬಗೆ ಇಲ್ಲಿ ಬೇಗ ಸೋಲುವುದು ಈ ಕಾರಣಕ್ಕೆ. ಡಾಂಬರು ಬಿಟ್ಟು ಇಳಿಯದ ಸವಾರರಿಗೆ ಅದು ನಡೆದೀತು. ಬ್ರೇಕಿನಡಿಯನ್ನು ಬಿಟ್ಟುಬಿಡುವ ಪಟ್ಟಿಯ ಬಗೆಯೇ ಈ ಸೀಮೆಗೆ ಹೆಚ್ಚು ಭರವಸೆಯದು.

ದಾರಿಗಳಲ್ಲಿ ಮುಖ್ಯವಾದವು ಕಾರ್ಕಳದಿಂದ ಮಾಳ, ಎಸ್.ಕೆ. ಬಾರ್ಡರ್ ಮೇಲೆ ಕುದುರೆಮುಖಕ್ಕೂ ಅಲ್ಲಿಂದ ಕಳಸಕ್ಕೂ ಹೋಗುವ ರಸ್ತೆ. ಕಳಸದಿಂದ ಕೊಟ್ಟಿಗೆಹಾರದ ಮೇಲೆ ಮೂಡಿಗೆರೆಗೆ ಬರುವ ರಸ್ತೆ. ಮಂಗಳೂರು ಕಡೆಯಿಂದ ಚಾರ್ಮಾಡಿ ಘಾಟಿ ಏರುವ ರಾಷ್ಟ್ರೀಯ ಹೆದ್ದಾರಿ 73. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿಯಲ್ಲಿ ಸಂಚಾರ ನಿಂತಿತ್ತು. ಘಾಟಿಯ ಇಳಿತದಲ್ಲಿ ರಿಮ್ಮಿನ ಬ್ರೇಕು ಒದ್ದೆಯಾಗಿದ್ದರೆ ಹಿಡಿತ ತಡವಾಗುತ್ತದೆ. ಮಡ್‌ಗಾರ್ಡ್ ರಿಮ್ಮನ್ನು ಒಣಗಿಸುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಇಂಬಳವನ್ನೂ ಅದು ತಡೆಯುವುದಿಲ್ಲ.

ನಿರ್ವಹಣೆ

ಸವಾರಿ ಮುಗಿದ ಕೂಡಲೇ ಮಡ್‌ಗಾರ್ಡನ್ನು ಕಳಚಿ, ಮೆತ್ತೆಯ ಅಡಿಯನ್ನೂ ಕೊಳವೆಯನ್ನೂ ತೊಳೆಯಬೇಕು. ಕೆಂಪುಮಣ್ಣು ಒಣಗಿದ ಮೇಲೆ ಬಟ್ಟೆಯಿಂದ ಒರೆಸಿದರೆ ಗೀರು ಖಂಡಿತ. ನೀರು ಸುರಿದು ನೆನೆಸಿಯೇ ತೆಗೆಯಬೇಕು. ರಬ್ಬರ್ ಪಟ್ಟಿ ಬಿಸಿಲಿಗೆ ಬಿರುಕು ಬಿಡುತ್ತದೆ, ಮಳೆಗಾಲದ ಮನೆಯೊಳಗೆ ಬೂಷ್ಟು ಹಿಡಿಯುತ್ತದೆ. ಎರಡು ಮಳೆಗಾಲಕ್ಕೊಮ್ಮೆ ಪಟ್ಟಿ ಬದಲಿಸಬೇಕಾಗುವುದು ಸಾಮಾನ್ಯ. ಕಡ್ಡಿಯ ಸಣ್ಣ ತಿರುಪುಗಳಿಗೆ ತುಸು ಗ್ರೀಸ್ ಹಚ್ಚದಿದ್ದರೆ ತುಕ್ಕಿಗೆ ಕಚ್ಚಿಕೊಳ್ಳುತ್ತವೆ.

ಗುಂಪು ಸವಾರಿ ಮತ್ತು ಬ್ರೆವೆ

ಒಬ್ಬರ ಹಿಂದೆ ಒಬ್ಬರು ಹತ್ತಿರದಲ್ಲಿ ಸಾಗುವ ಗುಂಪು ಸವಾರಿಯಲ್ಲಿ ಹಿಂದಿನ ಮಡ್‌ಗಾರ್ಡ್ ಸವಾರನಿಗಿಂತ ಅವನ ಹಿಂದಿರುವವನಿಗೆ ಹೆಚ್ಚು ಬೇಕು. ಆದರೆ ಅದಕ್ಕೆ ಹಾಳೆ ಅಚ್ಚಿನ ಮಟ್ಟಕ್ಕಿಂತ ಕೆಳಗಿಳಿಯಬೇಕು; ಕ್ಲಿಪ್ ಮಡ್‌ಗಾರ್ಡಿಗೆ ಉದ್ದನೆಯ ಬಾಲ ಜೋಡಿಸುವ ರೂಢಿ ಇದರಿಂದ ಬಂತು. ಗಡುವಿನೊಳಗೆ ಮುಗಿಸಬೇಕಾದ ದೂರ ಸವಾರಿಗಳಾದ ಬ್ರೆವೆಗಳನ್ನು ಭಾರತದಲ್ಲಿ ಆಡಾಕ್ಸ್ ಇಂಡಿಯಾ ರಾಂದೊನ್ಯೂರ್ಸ್ ಅಡಿಯಲ್ಲಿ ನಡೆಸುತ್ತಾರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಗಡುವು. ಇಷ್ಟು ಹೊತ್ತು ಒದ್ದೆ ಬಟ್ಟೆಯಲ್ಲಿ ಕೂತರೆ ಸೀಟಿನ ಜಾಗದ ಚರ್ಮ ಕಿತ್ತುಬರುತ್ತದೆ. 2007ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ ಮಳೆಯಲ್ಲೇ ನಡೆದು ಅನೇಕರು ಅರ್ಧಕ್ಕೆ ಕೈಬಿಟ್ಟ ಮೇಲೆ ಮಡ್‌ಗಾರ್ಡನ್ನು ಹಗುರವಾಗಿ ಕಾಣುವ ಮನೋಭಾವ ದೂರ ಸವಾರರಲ್ಲಿ ತಗ್ಗಿತು.

ಈಗಿನ ಸ್ಥಿತಿ

ಡಿಸ್ಕ್ ಬ್ರೇಕು ರೋಡ್ ಸೈಕಲ್ಲಿಗೆ ಬಂದದ್ದರಿಂದ ಸಮಸ್ಯೆಯ ರೂಪವೇ ಬದಲಾಗಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2018ರಲ್ಲಿ ರಸ್ತೆ ಪಂದ್ಯಗಳಿಗೆ ಅದನ್ನು ಪೂರ್ತಿಯಾಗಿ ಒಪ್ಪಿತು. ಬ್ರೇಕು ಟೈರಿನ ನೆತ್ತಿಯಿಂದ ಅಚ್ಚಿನ ಬಳಿಗೆ ಇಳಿದಾಗ ನೆತ್ತಿಯ ಮೇಲೆ ಜಾಗ ತೆರವಾಯಿತು. ಆ ಜಾಗದ ಬಹುಪಾಲನ್ನು 28, 30, 32 ಮಿ.ಮೀ. ಅಗಲದ ಟೈರುಗಳು ಹಿಡಿದುಕೊಂಡವು. ಕೆಲವು ಫ್ರೇಮುಗಳಲ್ಲಿ ಮಡ್‌ಗಾರ್ಡಿನ ತೂತುಗಳನ್ನು ಕಣ್ಣಿಗೆ ಕಾಣದಂತೆ ಒಳಬದಿಯಲ್ಲಿ ಕೊಡಲಾಗುತ್ತಿದೆ. ಇನ್ನೊಂದೆಡೆ ಗಾಳಿ ಸೀಳುವಂತೆ ಚಪ್ಪಟೆಯಾಗಿಸಿದ ಫೋರ್ಕುಗಳ ಮೇಲೆ ದುಂಡು ಕೊಳವೆಗೆಂದು ಮಾಡಿದ ರಬ್ಬರ್ ಮೆತ್ತೆ ಸರಿಯಾಗಿ ಕೂರುವುದಿಲ್ಲ. ಇಂಥವಕ್ಕೆ ಉದ್ದ ಪಟ್ಟಿಯ, ಅಗಲ ಮೆತ್ತೆಯ ಮಾದರಿಗಳು ಬಂದಿವೆ.

ಕರ್ನಾಟಕದಲ್ಲಿ ಇವು ಸಿಗುವುದು ಮುಖ್ಯವಾಗಿ ಬೆಂಗಳೂರು, ಮೈಸೂರು, ಮಂಗಳೂರಿನ ದೊಡ್ಡ ಸೈಕಲ್ ಮಳಿಗೆಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ. 2009ರಲ್ಲಿ ಬೆಂಗಳೂರಿಗೆ ಬಂದ ಡೆಕಾತ್ಲಾನ್ ಸ್ವಂತ ಹೆಸರಿನ ಅಗ್ಗದ ಮಾದರಿಗಳನ್ನು ಮಾರುತ್ತದೆ. ತಾಲ್ಲೂಕು ಕೇಂದ್ರಗಳ ಸೈಕಲ್ ಶಾಪುಗಳಲ್ಲಿ ಹೆಚ್ಚಾಗಿ ಇರುವುದು ದಿನಬಳಕೆಯ ಸೈಕಲ್ಲಿನ ತಗಡು ಮಡ್‌ಗಾರ್ಡ್, ಅಗಲ ಟೈರಿನ ಸೈಕಲ್ಲುಗಳ ಪ್ಲಾಸ್ಟಿಕ್ ಮಡ್‌ಗಾರ್ಡ್. ಇವು ಅಗಲದಲ್ಲಿ ರೋಡ್ ಸೈಕಲ್ಲಿನ ಫೋರ್ಕಿಗೆ ಹೊಂದುವುದಿಲ್ಲ. ರಿಮ್ ಬ್ರೇಕಿನ ಹಳೆಯ ರೋಡ್ ಸೈಕಲ್ಲುಗಳು ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಯಿಸುತ್ತಲೇ ಇರುವುದರಿಂದ ಕಿರಿದಾದ ಸಂದಿಗೆ ತಕ್ಕ ಪಟ್ಟಿಯ ಮಾದರಿಗಳಿಗೆ ಬೇಡಿಕೆ ನಿಂತಿಲ್ಲ. ಬಿಡಿ ರಬ್ಬರ್ ಪಟ್ಟಿ ಮಾತ್ರ ಪ್ರತ್ಯೇಕವಾಗಿ ಸುಲಭಕ್ಕೆ ಸಿಗುವುದಿಲ್ಲ. ಆ ಜಾಗದಲ್ಲಿ ಟ್ಯೂಬಿನ ತುಂಡೂ ಕೇಬಲ್ ಟೈಯೂ ಕೆಲಸ ಮಾಡುತ್ತಿವೆ.